ಎದೆಗೂಡಿನ ಬೆಳಕು, ಕಿಟಕಿಯ ಶೀಟು

ಬೆಳಕು ಅಳೆಯುವವರಿಗೆ ಆಪರೇಷನ್ ಥಿಯೇಟರಿನಲ್ಲಿ ಜಾಗ ಅಂತ ಒಂದು ಇರುವುದಿಲ್ಲ. ಸರ್ಜನ್ನರಿಗೆ ಟೇಬಲ್ಲಿನ ಪಕ್ಕ ಜಾಗವಿದೆ, ಅರಿವಳಿಕೆ ಕೊಡುವವರಿಗೆ ರೋಗಿಯ ತಲೆಯ ಹತ್ತಿರ, ನರ್ಸಿಗೆ ಟ್ರೇ ಹತ್ತಿರ. ನಾನು ನನ್ನ ಕಂಪ್ಯೂಟರ್ ಪರದೆ ಇಟ್ಟ ಗಾಲಿಮೇಜನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಹೋಗಿ ಬರುವವರೆಲ್ಲ "ಸ್ವಲ್ಪ ಸರೀರಿ ಮೇಡಂ" ಅನ್ನುತ್ತಿದ್ದರು. ಸರಿದು ಸರಿದು ಕೊನೆಗೆ ನನ್ನ ಬೆನ್ನಿಗೆ ಆಕ್ಸಿಜನ್ ನಳಿಕೆಯ ಕಟ್ಟು ತಾಗುತ್ತಿತ್ತು.

ನಾನು ಡಾಕ್ಟರಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಭೌತಶಾಸ್ತ್ರದವಳು. ಯಾರಿಗೆ ಎಷ್ಟು ವಿಕಿರಣ ಹೋಗಬೇಕು, ಅಷ್ಟೇ ಹೋಯಿತೇ ಎಂದು ಅಳೆಯುವುದು ನನ್ನ ಕೆಲಸ. ಆಸ್ಪತ್ರೆಯವರು ಎದೆಯ ಪೊರೆಯ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ ಮಾಡಬೇಕೆಂದು ಹೊರಟಾಗ ಲೇಸರ್ ಬಂತು, ಔಷಧಿ ಬಂತು, ಹೊರಗಡೆ ಕಲಿತು ಬಂದ ಸರ್ಜನ್ ಬಂದರು. ಬೆಳಕನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಎಲ್ಲರಿಗೂ ಕೊನೆಗೆ ನೆನಪಾಯಿತು. "ಅಳೆಯೋದು ತಾನೆ, ಅವರನ್ನೇ ಕರೀರಿ" ಅಂದರಂತೆ. ಹಾಗೆ ನಾನು ಆ ಗೋಡೆಗೆ ಬಂದು ನಿಂತೆ.

ರೋಗಿ ಹೊಸನಗರದ ಕಡೆಯವರು. ಐವತ್ತೈದರ ಆಸುಪಾಸು. ಶೀಟ್ ಹಾಕುವ ಕೆಲಸ. ಮನೆ, ಕೊಟ್ಟಿಗೆ, ಗೋದಾಮು, ಶಾಲೆ ಎಲ್ಲದರ ಮಾಡಿಗೂ ಸಿಮೆಂಟ್ ಶೀಟ್ ಅಳೆದು, ಕತ್ತರಿಸಿ, ತೂತು ಕೊರೆದು, ಹುಕ್ ಹಾಕಿ ಕೂರಿಸುವವರು. ಮೀಸೆ ಬರುವ ಮೊದಲೇ ಆ ಕೆಲಸಕ್ಕೆ ಇಳಿದವರು. ಆ ಶೀಟಿನಲ್ಲಿ ಸಿಮೆಂಟಿನ ಜೊತೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಒಣ ಶೀಟಿಗೆ ಮೆಷಿನ್ ಹಿಡಿದರೆ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಹಾರುತ್ತವೆ, ಉಸಿರಿನ ಜೊತೆ ಒಳಗೆ ಹೋಗಿ ಕೂರುತ್ತವೆ. ಕೂತು ಮೂವತ್ತು ವರ್ಷ, ನಲವತ್ತು ವರ್ಷ ಸುಮ್ಮನಿರುತ್ತವೆ.

ಆಪರೇಷನ್ನಿಗೆ ಮೊದಲು ವಾರ್ಡಿನಲ್ಲಿ ಅವರನ್ನು ನೋಡಲು ಹೋಗಿದ್ದೆ. ಪಕ್ಕದಲ್ಲಿ ಹೆಂಡತಿ ಇದ್ದರು, ಬಾಗಿಲ ಹತ್ತಿರ ಅವರ ತಮ್ಮ ನಿಂತಿದ್ದ. ನನ್ನ ಮಾತು ಕೇಳಿದ ಕೂಡಲೇ ರೋಗಿ ತಲೆ ಎತ್ತಿದರು.

"ನಮ್ ಕಡೆಯವ್ರಾ ಮೇಡಂ?"

"ಸಾಗರ."

"ಸಾಗರದಾಗೆ ಎಲ್ಲಿ?"

"ಇಕ್ಕೇರಿ ರಸ್ತೆ."

"ಇಕ್ಕೇರಿ ರಸ್ತೆಯಾಗೆ ನಾನು ಶೀಟ್ ಹಾಕ್ದೆ ಇರೋ ಮನೆ ಒಂದು ತೋರ್ಸಿ ನೋಡಣ," ಅಂದು ನಗಲು ಹೋದರು. ನಗು ಅರ್ಧಕ್ಕೇ ಉಸಿರು ಸಿಕ್ಕಿಕೊಂಡಿತು. ಹೆಂಡತಿ ಬೆನ್ನು ತಿಕ್ಕಿದರು. ಎದೆಯೊಳಗೆ ನೀರು ತುಂಬಿ, ತೆಗೆಸಿ, ಮತ್ತೆ ತುಂಬಿ ಸೋತ ದೇಹ. ಉಸಿರು ಬಂದ ಮೇಲೆ, "ಪೂರ್ತಿ ಗುಣ ಮಾಡಿ ಅಂತ ಕೇಳಲ್ಲ. ಒಂದೆರಡು ವರ್ಷ ಅಂಗಳದಾಗೆ ನಾನೇ ನಡ್ಕಂಡು ಓಡಾಡಂಗೆ ಮಾಡಿಕೊಡಿ, ಸಾಕು," ಅಂದರು. ಅವರು ಕೇಳಿದ್ದು ಅಷ್ಟೇ. ಅಷ್ಟು ಮಾತ್ರ ಈ ಚಿಕಿತ್ಸೆಯಿಂದ ಆಗಬಹುದು ಎಂದು ಸರ್ಜನ್ ಕೂಡ ಹೇಳಿದ್ದರು.

ಇನ್ನು ಚಿಕಿತ್ಸೆಯ ಬಗ್ಗೆ ಹೇಳಬೇಕು. ಶ್ವಾಸಕೋಶಕ್ಕೂ ಎದೆಗೂಡಿನ ಒಳಗೋಡೆಗೂ ಹೊದಿಸಿದ ಹಾಗೆ ಒಂದು ತೆಳು ಪೊರೆ ಇದೆ. ಈ ಕ್ಯಾನ್ಸರ್ ಆ ಪೊರೆಯ ಮೇಲೆ, ಮಳೆಗಾಲದ ಗೋಡೆಗೆ ಪಾಚಿ ಹಿಡಿದ ಹಾಗೆ ಹಬ್ಬುತ್ತದೆ. ಗಡ್ಡೆಯಾಗಿ ಒಂದು ಕಡೆ ಇದ್ದರೆ ಕತ್ತರಿಸಿ ತೆಗೆಯಬಹುದು. ಹಬ್ಬಿದ್ದನ್ನು ಎಷ್ಟು ಕೆರೆದರೂ ಕಣ್ಣಿಗೆ ಕಾಣದಷ್ಟು ಉಳಿಯುತ್ತದೆ. ಆ ಉಳಿದದ್ದಕ್ಕೆ ಬೆಳಕು. ಮೊದಲೇ ರಕ್ತನಾಳದಿಂದ ಒಂದು ಔಷಧಿ ಕೊಟ್ಟಿರುತ್ತಾರೆ. ಅದು ಮೈಯೆಲ್ಲ ಹರಡಿ, ಕ್ಯಾನ್ಸರಿನ ಕಣಗಳಲ್ಲಿ ಹೆಚ್ಚು ಉಳಿಯುತ್ತದೆ. ಅದರ ಮೇಲೆ ಒಂದು ನಿಶ್ಚಿತ ಬಣ್ಣದ ಕೆಂಪು ಬೆಳಕು ಬಿದ್ದರೆ ಆ ಕಣ ಸಾಯುತ್ತದೆ. ಬೆಳಕು ಕಡಿಮೆ ಬಿದ್ದಲ್ಲಿ ರೋಗ ಉಳಿಯುತ್ತದೆ, ಹೆಚ್ಚು ಬಿದ್ದಲ್ಲಿ ಹೃದಯದ ಚೀಲ, ಅನ್ನನಾಳ ಬೇಯುತ್ತದೆ. ಎದೆಗೂಡು ಅಂದರೆ ಸಪಾಟು ಗೋಡೆಯಲ್ಲ, ಮೂಲೆ ಮುಡುಕು ಇರುವ ಗುಹೆ. ಅಲ್ಲಿ ಎಲ್ಲ ಕಡೆ ಸಮನಾಗಿ ಬೆಳಕು ಬಿತ್ತು ಎಂದು ಕಣ್ಣಂದಾಜಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ.

ಅಳೆಯಲು ನಮ್ಮ ಹತ್ತಿರ ಕೂದಲಿಗಿಂತ ಸ್ವಲ್ಪ ದಪ್ಪದ ಗಾಜಿನ ಎಳೆಗಳಿದ್ದವು. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು. ಯಾವ ದಿಕ್ಕಿನಿಂದ ಬೆಳಕು ಬಂದರೂ ಆ ಗುಂಡು ಹಿಡಿಯುತ್ತದೆ, ಎಳೆಯ ಮೂಲಕ ನನ್ನ ಪರದೆಗೆ ಕಳಿಸುತ್ತದೆ. ಒಳಗೆಲ್ಲ ಬಿಳಿ ಬಳಿದ ಟೊಳ್ಳು ಚೆಂಡೊಂದರಲ್ಲಿ ಗೊತ್ತಿರುವಷ್ಟು ಬೆಳಕು ತುಂಬಿ, ಒಂದೊಂದೇ ಎಳೆಯನ್ನು ಅದರೊಳಗೆ ಇಳಿಸಿ, ಅದು ಹೇಳುವ ಲೆಕ್ಕ ಸರಿಯೇ ಎಂದು ನೋಡಬೇಕು. ಹಿಂದಿನ ದಿನವೆಲ್ಲ ಅದನ್ನೇ ಮಾಡಿದ್ದೆ. ಒಂದು ಎಳೆ ತಪ್ಪು ಹೇಳಿತು, ಬಿಸಾಕಿದೆ. ಏಳು ಜಾಗಕ್ಕೆ ಏಳು ಬೇಕಿತ್ತು. ಒಂದು ಹೆಚ್ಚಿಗೆ ಇರಲಿ ಎಂದು ಎಂಟನೆಯದನ್ನೂ ಸಿದ್ಧ ಮಾಡಿಕೊಂಡೆ. ಹೆಚ್ಚಿನದು ಯಾಕೆ ಎಂದು ಸ್ಟೋರಿನವರು ಗೊಣಗಿದರು.

ಅವತ್ತು ಬೆಳಿಗ್ಗೆ ಥಿಯೇಟರಿನ ದೀಪಗಳನ್ನೆಲ್ಲ ಮಂದ ಮಾಡಿದರು. ಔಷಧಿ ಮೈಯಲ್ಲಿರುವ ಮನುಷ್ಯನ ಮೇಲೆ ಜೋರು ದೀಪ ಬಿಡುವ ಹಾಗಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ಪಿನಲ್ಲೂ ಸಣ್ಣ ಕೆಂಪು ದೀಪವಿರುತ್ತದೆ. ಅದು ಒಂದೇ ಬೆರಳಿನ ಮೇಲೆ ಕೂತರೆ ಬೊಬ್ಬೆ ಬರುತ್ತದೆ. ಆಗಾಗ ಬೆರಳು ಬದಲಿಸಿ ಎಂದು ನಾನೇ ಹೇಳಬೇಕಾಯಿತು. ಸರ್ಜನ್ ಗಂಟೆಗಟ್ಟಲೆ ಪೊರೆ ಸುಲಿದರು. ಅವರ ಕೈಕೆಲಸದ ಬಗ್ಗೆ ನನಗೆ ಕೊಂಕಿಲ್ಲ, ಆ ಕೈ ಚೆನ್ನಾಗಿತ್ತು. ಸುಲಿದು ಮುಗಿದ ಮೇಲೆ ಏಳು ಜಾಗದಲ್ಲಿ ಎಳೆಗಳನ್ನು ಹೊಲಿದು ಕೂರಿಸಿದರು: ಎದೆಗೂಡಿನ ತುದಿ, ಮುಂದಿನ ಗೋಡೆ, ಹಿಂದಿನ ಗೋಡೆ, ಹೃದಯದ ಚೀಲದ ಮೇಲೆ, ವಪೆಯ ಮೇಲೆ, ಮತ್ತೆ ವಪೆ ಗೋಡೆಗೆ ಸೇರುವಲ್ಲಿ ಮುಂದೊಂದು ಹಿಂದೊಂದು. ಆ ಹಿಂದಿನದು ಬೆನ್ನಿನ ಕಡೆಯ ಆಳವಾದ ಸಂದು. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವಿನ, ಉಸಿರಾಡುವಾಗ ಏರಿಳಿಯುವ ಸ್ನಾಯುವಿನ ಪರದೆ.

ಎದೆಯೊಳಗೆ ಹಾಲಿನ ಬಣ್ಣದ ದ್ರವ ತುಂಬಿದರು. ಊಟ ಮಾಡಲಾಗದವರಿಗೆ ಡ್ರಿಪ್ಪಿನಲ್ಲಿ ಕೊಡುವ ಕೊಬ್ಬಿನ ದ್ರಾವಣಕ್ಕೇ ನೀರು ಬೆರೆಸಿ ತೆಳು ಮಾಡಿದ್ದು. ಅದರಲ್ಲಿ ಬೆಳಕು ಚದುರಿ ಎಲ್ಲ ಕಡೆ ಹರಡುತ್ತದೆ. ಸರ್ಜನ್ ಬೆಳಕಿನ ಕೋಲನ್ನು ಒಳಗೆ ಇಳಿಸಿದರು. ನಾನು ಪರದೆ ನೋಡುತ್ತ "ಮುಂದೆ ಸಾಕು, ತುದಿಗೆ ಹೋಗಿ," "ಹೃದಯದ ಹತ್ತಿರ ಜಾಸ್ತಿ ಆಗ್ತಿದೆ, ಬಿಡಿ," "ಹಿಂದಕ್ಕೆ" ಎನ್ನುತ್ತಿದ್ದೆ. ಅವರು ನಡೆಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಲ್ಲ ಏಳು ಲೆಕ್ಕವೂ ಒಟ್ಟಿಗೆ ಇಳಿಯತೊಡಗಿದವು. ರಕ್ತ ಜಿನುಗಿ ಹಾಲು ಗುಲಾಬಿಯಾಗಿತ್ತು. ರಕ್ತ ಬೆಳಕನ್ನು ಕುಡಿಯುತ್ತದೆ. ಹೀರಿ ತೆಗೆದು ಹೊಸ ದ್ರವ ತುಂಬಿಸಿದೆ. ಎರಡನೆಯ ಸಲ ಅದನ್ನೇ ಹೇಳಿದಾಗ ಸರ್ಜನ್ ಉಸಿರು ಬಿಟ್ಟದ್ದು ಮಾಸ್ಕಿನೊಳಗಿಂದಲೂ ಕೇಳಿಸಿತು.

ಆರು ಜಾಗ ಗುರಿ ಮುಟ್ಟಿದವು. ಬೆನ್ನಿನ ಕಡೆಯ ಆ ಸಂದಿನದು ಅರ್ಧದಲ್ಲೇ ನಿಂತಿತ್ತು. ಕೋಲು ಅಲ್ಲಿಗೆ ಹೋದರೂ ಲೆಕ್ಕ ಏಳುತ್ತಿರಲಿಲ್ಲ.

"ಆ ಎಳೆ ಹಾಳಾಗಿದೆ," ಅಂದರು ಸರ್ಜನ್. "ಅಲ್ಲಿ ಚೆನ್ನಾಗಿ ಬೆಳಕು ಬೀಳ್ತಿದೆ. ನನಗೆ ಕಾಣ್ತಾ ಇದೆಯಲ್ಲ."

ಅವರು ಹಾಕಿದ್ದ ಗಾಗಲ್ಸ್ ಆ ಕೆಂಪು ಬೆಳಕನ್ನು ತಡೆಯಲೆಂದೇ ಮಾಡಿದ್ದು. ಅದನ್ನು ಹಾಕಿಕೊಂಡು ಆ ಬೆಳಕು ಕಾಣುತ್ತಿದೆ ಅನ್ನುವುದು, ಕಿವಿಗೆ ಹತ್ತಿ ಇಟ್ಟುಕೊಂಡು ಸಂಗೀತದ ವಿಮರ್ಶೆ ಮಾಡಿದ ಹಾಗೆ. ಹಾಗೆಂದು ಹೇಳಲಿಲ್ಲ. "ಸರ್, ಗಾಗಲ್ಸ್ ಒಳಗಿಂದ ಅದು ಕಾಣೋದಿಲ್ಲ," ಎಂದಷ್ಟೇ ಅಂದೆ.

ಅರಿವಳಿಕೆಯವರು, "ಬಿಪಿ ಇಳೀತಿದೆ. ಇನ್ನು ಎಷ್ಟು ಹೊತ್ತು?" ಎಂದು ನನ್ನನ್ನೇ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಎದೆ ತೆರೆದಿಟ್ಟಷ್ಟು ಹೊತ್ತೂ ರೋಗಿಗೆ ಅಪಾಯವೇ.

ಎರಡು ಸಾಧ್ಯತೆ ಇತ್ತು. ಎಳೆಯ ತುದಿಗೆ ರಕ್ತ ಅಂಟಿ ಅದು ಸುಳ್ಳು ಹೇಳುತ್ತಿರಬಹುದು. ಹಾಗಿದ್ದು ನಾನು ಇನ್ನಷ್ಟು ಬೆಳಕು ಬಿಡಿಸಿದರೆ ಸುತ್ತಲಿನ ಮಾಂಸ ಬೇಯುತ್ತದೆ. ಇಲ್ಲವೇ ಎಳೆ ನಿಜವನ್ನೇ ಹೇಳುತ್ತಿರಬಹುದು, ಅಲ್ಲಿ ಕತ್ತಲೆಯೇ ಇರಬಹುದು. ಹಾಗಿದ್ದು ಮುಚ್ಚಿದರೆ ಪಾಚಿಯ ಬೀಜವನ್ನು ಬಿಟ್ಟು ಗೋಡೆ ತೊಳೆದ ಹಾಗೆ. ಸರ್ಜನ್ ನನ್ನ ಕಡೆ ತಿರುಗಿ, "ಮುಗೀತು ಅಂತ ಹೇಳಿ, ಹೊಲಿತೀನಿ," ಅಂದರು. ಥಿಯೇಟರಿನಲ್ಲಿದ್ದ ಎಲ್ಲರೂ ನಾನು ಕೋಲೆಬಸವನ ಹಾಗೆ ತಲೆಯಾಡಿಸಲಿ ಎಂದು ಕಾಯುತ್ತಿದ್ದರು.

"ಮುಗಿದಿಲ್ಲ," ಅಂದೆ. "ಎಂಟನೇ ಎಳೆ ಇದೆ. ಅದರ ಪಕ್ಕದಲ್ಲೇ ಇಟ್ಟುನೋಡಿ. ಅದೂ ಇದೇ ಲೆಕ್ಕ ಹೇಳಿದರೆ ಅಲ್ಲಿ ಕತ್ತಲೆ. ಬೇರೆ ಹೇಳಿದರೆ ನಾನೇ ಮುಗಿಸಿ ಅಂತೀನಿ."

ಅವರಿಗೆ ಸಿಟ್ಟು ಬಂತು. ಆದರೂ ಇಟ್ಟರು. ಎರಡೂ ಎಳೆ ಒಂದೇ ಮಾತು ಹೇಳಿದವು. ಅಲ್ಲಿ ಕತ್ತಲೆ ಇತ್ತು. ವಪೆ ಉಬ್ಬಿ, ಅದರ ಮಡಿಕೆಯೊಂದು ಆ ಸಂದಿಗೆ ನೆರಳು ಹಾಕಿ ಕೂತಿತ್ತು. ಸರ್ಜನ್ ಅಗಲದ ಸಟ್ಟುಗದಂಥ ಉಪಕರಣದಿಂದ ವಪೆಯನ್ನು ಕೆಳಗೆ ಒತ್ತಿ ಹಿಡಿದರು, ಕೋಲನ್ನು ಮಡಿಕೆಯ ಹಿಂದಕ್ಕೆ ದಾಟಿಸಿದರು. ಪರದೆಯ ಮೇಲೆ ಲೆಕ್ಕ ಏರತೊಡಗಿತು. ಗುರಿ ಮುಟ್ಟಿದ ಮೇಲೆ "ಸಾಕು" ಅಂದೆ. ಸರ್ಜನ್ ಕೋಲು ಹೊರತೆಗೆದು ಹೊಲಿಯಲು ಸೂಜಿ ಕೇಳಿದರು. ಒಳ್ಳೆಯದಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ನಂತರ ಪತ್ರಕರ್ತರನ್ನು ಕರೆದು ಸರ್ಜನ್ "ಎದೆಯ ಮೂಲೆ ಮೂಲೆಗೂ ಬೆಳಕು ಮುಟ್ಟಿಸಿದ್ದೇವೆ" ಎಂದರು. ಆ ಮೂಲೆಯ ಕತೆ ಥಿಯೇಟರಿನಲ್ಲಿದ್ದವರಿಗೆ ಮಾತ್ರ ಗೊತ್ತಿತ್ತು. ಹೋಗಲಿ, ರೋಗಿ ಎದ್ದು ಕೂತಿದ್ದರು, ಉಸಿರು ಸಲೀಸಾಗಿತ್ತು. ಅದಕ್ಕಿಂತ ನನಗೆ ಬೇರೆ ಬೇಕಿರಲಿಲ್ಲ.

ಎಡವಟ್ಟಾದದ್ದು ಡಿಸ್ಚಾರ್ಜಿನ ದಿನ. ಔಷಧಿ ಚರ್ಮದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅಷ್ಟು ದಿನ ಬಿಸಿಲು ತಾಗಬಾರದು, ಜೋರು ದೀಪ ಹತ್ತಿರ ಬರಬಾರದು. ಆದರೆ ಮನೆಯೊಳಗಿನ ಸಾಧಾರಣ ಬೆಳಕು ಬೇಕೇ ಬೇಕು. ಆ ಮಂದ ಬೆಳಕಿನಲ್ಲೇ ಚರ್ಮದ ಔಷಧಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಸತ್ವ ಕಳೆದುಕೊಳ್ಳುವುದು. ಕತ್ತಲಲ್ಲಿ ಕೂತರೆ ಅದು ಹಾಗೇ ಇರುತ್ತದೆ. ಇದನ್ನು ಬಿಡಿಸಿ ಹೇಳಬೇಕಿತ್ತು. ವಾರ್ಡಿನ ಕಿರಿಯ ಡಾಕ್ಟರು ಹೇಳಿದ್ದು, "ಒಂದು ಹನಿ ಬೆಳಕು ಬಿದ್ರೂ ಚರ್ಮ ಸುಟ್ಟುಹೋಗುತ್ತೆ, ಹುಷಾರ್." ಹೆಂಡತಿ ಹೆದರಿ ಬಿಳಿಚಿಕೊಂಡರು. ನಾನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, ಹಾಗಲ್ಲಮ್ಮ, ಹೀಗೆ ಎಂದು ವಿವರಿಸಿದೆ. ಅವರು ಹ್ಞೂಂ ಹ್ಞೂಂ ಎಂದರು. ಬಿಳಿ ಕೋಟಿನವರ ಹೆದರಿಕೆಯ ಮುಂದೆ ಮೀಟರ್ ಹಿಡಿಯುವವಳ ವಿವರಣೆ ಎಷ್ಟು ಹೊತ್ತು ನಿಲ್ಲುತ್ತದೆ? ಯಾರಾದರೂ ಮನೆಗೆ ಹೋಗಿ ಬೆಳಕು ಅಳೆದು ಬರಬೇಕು ಎಂದು ಆಸ್ಪತ್ರೆಯವರನ್ನು ಕೇಳಿದೆ. "ನೋಡೋಣ, ಫೋನಿನಲ್ಲೇ ವಿಚಾರಿಸಬಹುದು, ಅಗತ್ಯ ಬಿದ್ದರೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ರೋಗಿಯ ತಮ್ಮ, "ಎಲ್ಲ ಪಕ್ಕಾ ಮಾಡಿದೀವಿ ಮೇಡಂ, ತಲೆಬಿಸಿ ಮಾಡ್ಕಬೇಡಿ," ಅನ್ನುತ್ತಿದ್ದ. ಆ 'ಪಕ್ಕಾ' ನನ್ನ ಮನಸ್ಸಿಗೆ ಒಗ್ಗಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಸಾಗರಕ್ಕೆ ಹೋಗುವಾಗ ಬೆಳಕಿನ ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ ಬಂದೆ. ದಾರಿಯಲ್ಲಿ ಅಮ್ಮನ ಫೋನು. ವಿಷಯ ಹೇಳಿದೆ. "ಎಂತ ಮಾಡಲೆ ಹೋಗ್ತೆ ಅಲ್ಲಿಗೆ? ನಿಂಗೆ ಬೇರೆ ಕೆಲ್ಸ ಇಲ್ಯನೆ?" ಅಂದಳು. ಇರಲಿಲ್ಲ.

ಮನೆ ತೀರ್ಥಹಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ. ಅಂಗಳದ ಒಂದು ಪಕ್ಕ ಹಳೆಯ ಸಿಮೆಂಟ್ ಶೀಟುಗಳ ಅಟ್ಟಿ. ಈಗ ಎಲ್ಲರೂ ಬಣ್ಣದ ತಗಡಿನ ಶೀಟ್ ಹಾಕಿಸುತ್ತಾರೆ. ಹಳೆಯದನ್ನು ಇಳಿಸಿದವರು ಅದನ್ನು ಬಿಸಾಕುವುದಿಲ್ಲ, ಮನೆಗೆ ತಂದು ಕೋಳಿಗೂಡಿಗೆ, ಸೌದೆ ಕೊಟ್ಟಿಗೆಗೆ ಬೇಕಾದವರಿಗೆ ಅಳತೆಗೆ ಕತ್ತರಿಸಿ ಕೊಡುತ್ತಾರೆ. ತಮ್ಮ ಓಡಿಬಂದ. "ಬಂದ್ರಾ ಮೇಡಂ, ಬನ್ನಿ ಬನ್ನಿ" ಎಂದು ಹೆಮ್ಮೆಯಿಂದ ಕರೆದುಕೊಂಡು ಹೋದ.

ಮನೆಯ ಪ್ರತಿ ಕಿಟಕಿಗೂ ಹೊರಗಿನಿಂದ ಸಿಮೆಂಟ್ ಶೀಟ್ ಕೂತಿತ್ತು. ಅಳತೆಗೆ ಸರಿಯಾಗಿ ಕತ್ತರಿಸಿ, ತೂತು ಕೊರೆದು, ಡಾಂಬರ್ ವಾಷರ್ ಇಟ್ಟು ಬೋಲ್ಟ್ ಬಿಗಿದಿದ್ದರು. ಅಂಚಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿದ್ದರು. ಅಂಥ ಅಚ್ಚುಕಟ್ಟು ಕೆಲಸ ನಾನು ನಮ್ಮ ಆಸ್ಪತ್ರೆಯಲ್ಲೂ ನೋಡಿಲ್ಲ. ಕೆಳಗೆ ಮೆಟ್ಟಿಲ ಮೇಲೆ, ದಾಸವಾಳದ ಎಲೆಗಳ ಮೇಲೆ, ಒಣಗಲು ಹಾಕಿದ್ದ ಚಾಪೆಯ ಮೇಲೆ ಬೂದಿ ಬಣ್ಣದ ಧೂಳು.

"ಇದನ್ನ ಎಲ್ಲಿ ಕತ್ತರಿಸಿದ್ರಿ?"

"ಇಲ್ಲೇ ಅಂಗಳದಾಗೆ. ಡಾಕ್ಟ್ರು ಧೂಳು ಒಳ್ಳೇದಲ್ಲ ಅಂದಿದ್ರಲ್ಲ, ಅದಕ್ಕೇ ಒಳಗೆ ಕತ್ತರಿಸ್ಲಿಲ್ಲ."

ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟಿದ್ದರು. ದಾಟಿ ಒಳಗೆ ಹೋದರೆ ನನ್ನ ಕೈ ನನಗೆ ಕಾಣಲಿಲ್ಲ. ಮೀಟರ್ ಹಿಡಿದು ಅದರ ಗುಂಡಿ ಒತ್ತಿದೆ. ಪರದೆಯನ್ನು ಸೆರಗಿನಲ್ಲಿ ಮುಚ್ಚಿ ನೋಡಿದೆ. ಸೊನ್ನೆ. ಮಂಚದ ಹತ್ತಿರ ಹಿಡಿದೆ, ಗೋಡೆಯ ಹತ್ತಿರ ಹಿಡಿದೆ. ಎಲ್ಲ ಕಡೆ ಸೊನ್ನೆ. ಅಷ್ಟು ಸಮನಾದ ಲೆಕ್ಕ ಥಿಯೇಟರಿನಲ್ಲಿ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ.

"ಸಾಗರದ ಮೇಡಮ್ಮಾ?" ಕತ್ತಲೊಳಗಿಂದ ರೋಗಿಯ ದನಿ. "ಈಗ ಹಗಲಾ?"

"ಹಗಲು. ಮಧ್ಯಾಹ್ನ ಆಗ್ತಾ ಬಂತು."

"ಬಾಣಂತಿ ನೋಡ್ಕಂಡಂಗೆ ನೋಡ್ಕಂಡೀವಿ," ಅಂದರು ಹೆಂಡತಿ, ಎಲ್ಲೋ ಎಡಕ್ಕೆ ನಿಂತು. "ಒಂದು ಸೂಜಿ ಬೆಳಕೂ ಬಿಟ್ಟಿಲ್ಲ. ಊಟಾನೂ ಕತ್ತಲಾಗೇ ಕೈಗೆ ಕೊಡ್ತೀನಿ. ಮೆಣಸಿನ ಸಾರು, ಅನ್ನ."

"ಇನ್ನೇನು ಮುಗೀತಲ್ಲ ಮೇಡಂ?" ರೋಗಿ ಕೇಳಿದರು. "ಇವತ್ತು ಹೊರಗೆ ಬರಬಹುದಾ? ಡಾಕ್ಟ್ರು ಹೇಳಿದ ವಾರ ಎಲ್ಲ ಆಯ್ತು."

ಅವರಿಗೆ ನಾನು ಹೇಳಬೇಕಾದದ್ದು ಇಷ್ಟು: ಈ ವಾರಗಳು ಲೆಕ್ಕಕ್ಕಿಲ್ಲ. ಔಷಧಿ ನಿಮ್ಮ ಚರ್ಮದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಇವತ್ತು ಅಂಗಳಕ್ಕೆ ಕಾಲಿಟ್ಟರೆ ಮುಖ, ಕೈ ಬೊಬ್ಬೆ ಎದ್ದು ಸುಲಿಯುತ್ತದೆ. ಮೊದಲಿನಿಂದ ಶುರು ಮಾಡಬೇಕು. ಹೇಳಿದೆ. ಕತ್ತಲಲ್ಲಿ ಮುಖ ಕಾಣದ್ದರಿಂದ ಹೇಳುವುದು ಸುಲಭವಾಯಿತು, ಅದಕ್ಕಾಗಿ ನನಗೆ ನಾಚಿಕೆಯೂ ಆಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೀರಿ ಎಂದು ಬೈಯೋಣವೆಂದರೆ ಇವರು ಮಾಡಿದ್ದು ನಾವು ಹೇಳಿದ್ದನ್ನೇ. ಬೆಳಕಿನ ಬಗ್ಗೆ ಹೆದರಿಸಿ ಹೆದರಿಸಿ ಹೇಳಿದವರು ಧೂಳಿನ ಬಗ್ಗೆ ಒಂದು ಸಲ ಮೆಲ್ಲಗೆ ಹೇಳಿದ್ದರು. ಮನೆಯವರು ಹೆದರಿಕೆಯ ತೂಕ ನೋಡಿ ಕೆಲಸ ಮಾಡಿದ್ದರು. ನನಗೆ ಸಿಟ್ಟು ಬಂದದ್ದು ಇಡೀ ಆಸ್ಪತ್ರೆಯ ಮೇಲೆ.

ಹೊರಗೆ ಬಂದು ತಮ್ಮನನ್ನು ನಿಲ್ಲಿಸಿಕೊಂಡೆ. ಅಣ್ಣನ ಎದೆಯಲ್ಲಿ ಬೆಳೆದದ್ದು ಈ ಶೀಟಿನ ಧೂಳಿನಿಂದ, ಬೇರೆ ಯಾವುದರಿಂದಲೂ ಅಲ್ಲ ಎಂದು ಬಿಡಿಸಿ ಹೇಳಿದೆ.

"ಇದೇ ಧೂಳಾ?" ಅಂದ. "ರೋಡಿನ ಧೂಳೋ, ಸಿಮೆಂಟೋ ಇರ್ಬೇಕು ಅಂದ್ಕಂಡಿದ್ದೆ. ನಾನೂ ಹೈಸ್ಕೂಲ್ ಬಿಟ್ಟಾಗಿಂದ ಅಣ್ಣನ ಜೊತೆಗೇ ಇದೀನಲ್ಲ."

ಅಣ್ಣನಿಗೆ ಈ ಹೊಸ ಧೂಳಿನಿಂದ ಇನ್ನು ಕೆಡುವುದು ಹೆಚ್ಚೇನೂ ಉಳಿದಿರಲಿಲ್ಲ. ಕೆಡುವುದಿದ್ದರೆ ಕತ್ತರಿಸಿದ ಇವನಿಗೆ, ದಿನಾ ಅಂಗಳ ಗುಡಿಸಿದ ಆ ಹೆಂಗಸಿಗೆ.

ಶೀಟ್ ತೆಗೆಯಬೇಕಿತ್ತು, ಆದರೆ ಒಡೆಯದೆ, ಕತ್ತರಿಸದೆ. ಮೊದಲು ಒಳಗಿನಿಂದ ಕಿಟಕಿಗೆ ಹತ್ತಿಯ ಹಳೆ ಸೀರೆಗಳನ್ನು ಮಡಿಸಿ ನಾಲ್ಕು ಪದರ ಇಳಿಬಿಡಿಸಿದೆ. ರೋಗಿಯನ್ನು ಒಳಕೋಣೆಗೆ ಕಳಿಸಿದೆ. ಹೊರಗಿನಿಂದ ಶೀಟಿಗೆ, ಸಿಮೆಂಟ್ ಮೆತ್ತಿದ ಅಂಚಿಗೆ ಕೊಡಗಟ್ಟಲೆ ನೀರು ಸುರಿಸಿ, ಬೋಲ್ಟ್ ಬಿಚ್ಚಿಸಿ, ಶೀಟನ್ನು ಹಾಗೇ ಇಡಿಯಾಗಿ ಇಳಿಸಿ ಟಾರ್ಪಾಲಿನಲ್ಲಿ ಸುತ್ತಿಸಿದೆ. ಪೊರಕೆ ಮುಟ್ಟಬೇಡಿ ಎಂದೆ. ಮೆಟ್ಟಿಲು, ಜಗಲಿ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಹೂಳಿಸಿದೆ. ಪಕ್ಕದ ಮನೆಯವರೊಬ್ಬರು ಬೇಲಿಯ ಆಚೆ ನಿಂತು ನೋಡುತ್ತಿದ್ದವರು, "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಂಗಾಯ್ತು," ಎಂದರು. ಕಲ್ನಾರು ಕೆಟ್ಟದ್ದೆಂದು ಗೊತ್ತಿದ್ದೂ ಶೀಟ್ ಮಾಡಿದವರು ಉಣ್ಣಲಿಲ್ಲ, ಮಾರಿದವರು ಉಣ್ಣಲಿಲ್ಲ. ಈ ಗಾದೆಯನ್ನು ನಾನು ಅವತ್ತಿನಿಂದ ಬಾಯಲ್ಲಿ ಆಡಿಲ್ಲ.

ಆಮೇಲೆ ಒಂದೊಂದೇ ಪದರ ಸೀರೆ ತೆಗೆಯುತ್ತ, ಮಂಚದ ತಲೆಯ ಕಡೆ, ಕಾಲಿನ ಕಡೆ ಮೀಟರ್ ಹಿಡಿಯುತ್ತ ಬಂದೆ. ತೆಂಕಣ ಕಿಟಕಿಗೆ ಮೂರು ಪದರ ಬೇಕಾಯಿತು, ಬಡಗಣದಕ್ಕೆ ಒಂದೇ ಸಾಕಾಯಿತು. ಕ್ಯಾಲೆಂಡರಿನ ದೊಡ್ಡ ಅಕ್ಷರ ಓದಲು ಬರುವಷ್ಟು ಬೆಳಕು. ರೋಗಿಯನ್ನು ಕರೆಸಿ ಕೂರಿಸಿದೆ. ಅವರು ಹೆಂಡತಿಯ ಮುಖವನ್ನೇ ನೋಡಿದರು. "ಬಡವಾಗಿದೀಯಲ್ಲೇ," ಅಂದರು. ಅಷ್ಟು ದಿನ ತಡೆದುಕೊಂಡಿದ್ದ ಆ ಹೆಂಗಸು ಆಗ ಅತ್ತುಬಿಟ್ಟರು.

ಆಸ್ಪತ್ರೆಗೆ ಹೋಗಿ, ಮನೆಗೆ ಕಳಿಸುವಾಗ ಏನು ಹೇಳಬೇಕೆಂದು ತಿದ್ದಿ ಬರೆಯಿರಿ, ಶೀಟಿನ ಮಾತನ್ನೂ ಸೇರಿಸಿ ಎಂದೆ. ತಿದ್ದುವ ಅಗತ್ಯ ಬೀಳಲಿಲ್ಲ. ಸರ್ಜನ್ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೊರಟುಹೋದರು. ಅವರಿಲ್ಲದೆ ಆ ಚಿಕಿತ್ಸೆ ಇಲ್ಲ. ಲೇಸರಿಗೆ ಬಟ್ಟೆ ಹೊದಿಸಿ ಉಗ್ರಾಣಕ್ಕೆ ತಳ್ಳಿದರು. ನನ್ನ ಎಳೆಗಳೂ ಅದರ ಜೊತೆಗೇ ಹೋದವು.

ನಾನು ಮತ್ತೆ ಮತ್ತೆ ಆ ಮನೆಗೆ ಹೋದೆ. ಬಿಸಿಲಿಗೆ ಚರ್ಮ ಸಿದ್ಧವಾಗಿದೆಯೇ ಎಂದು ನೋಡಲು ಒಂದು ಕ್ರಮವಿದೆ. ದಪ್ಪ ಕಾಗದದ ಚೀಲಕ್ಕೆ ರೂಪಾಯಿಗಿಂತ ಸ್ವಲ್ಪ ದೊಡ್ಡ ತೂತು ಮಾಡಿ, ಕೈಗೆ ಹಾಕಿ, ಆ ತೂತಿನಷ್ಟೇ ಚರ್ಮವನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿಯಬೇಕು. ಮರುದಿನ ನೋಡಬೇಕು. ಶನಿವಾರ ಹಿಡಿಸಿ ಸಾಗರಕ್ಕೆ ಹೋಗಿ, ಭಾನುವಾರ ವಾಪಸು ಬಂದು ನೋಡುತ್ತಿದ್ದೆ. ಮೊದಲ ಸಲ ಕೆಂಪಗೆ ಊದಿತ್ತು. ಎರಡನೆಯ ಸಲವೂ ಕೆಂಪಿತ್ತು, ಊತವಿರಲಿಲ್ಲ. "ನಿಮ್ಮನ್ನ ಕಂಡ್ರೆ ಈಗ ಪರೀಕ್ಷೆ ಮೇಷ್ಟ್ರನ್ನ ಕಂಡಂಗಾಗ್ತದೆ," ಅಂದರು ರೋಗಿ. ಮೂರನೆಯ ಸಲ ಕೈ ಮೇಲೆ ಯಾವ ಗುರುತೂ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. "ಬನ್ನಿ ಹೊರಗೆ," ಅಂದೆ.

ಇಳಿಹೊತ್ತಿನ ಮೆದು ಬಿಸಿಲು. ಅವರು ಜಗಲಿ ಇಳಿದು ಅಂಗಳದಲ್ಲಿ ಯಾರ ಕೈಯನ್ನೂ ಹಿಡಿಯದೆ ಒಂದು ಸುತ್ತು ಹಾಕಿದರು. ಉಸಿರು ಏರಲಿಲ್ಲ. ಅವರು ಕೇಳಿದ್ದು ಅವರಿಗೆ ಸಿಕ್ಕಿತ್ತು, ಎಷ್ಟು ಕಾಲಕ್ಕೋ ಗೊತ್ತಿಲ್ಲ. ಅಂಗಳದ ಆ ಕಡೆ ತಮ್ಮ ಬೈಕಿನ ಹಿಂದೆ ಕತ್ತರಿಸುವ ಮೆಷಿನ್ ಕಟ್ಟುತ್ತಿದ್ದ. ಹಿನ್ನೀರಿಗೆ ಸೇತುವೆ ಆದ ಮೇಲೆ ಅದರಾಚೆಯ ತುಮರಿ ಕಡೆ ಕೆಲಸ ಹೆಚ್ಚಾಗಿದೆ, ತಗಡು ತುಂಬಿದ ಲಾರಿ ಲಾಂಚ್ ಕಾಯದೆ ಸೀದಾ ಹೋಗುತ್ತದೆ. ಮರುದಿನ ಅಲ್ಲಿ ಎರಡು ಮನೆಯ ಹಳೆ ಶೀಟು ಇಳಿಸುವುದಿತ್ತು.

"ಕತ್ತರಿಸಾದಾದ್ರೆ ನೀರು ಹಾಕ್ಕಂಡು ಕತ್ತರಿಸೋ," ಎಂದರು ಅಣ್ಣ, ಅಂಗಳದಿಂದಲೇ.

"ಕರೆಂಟ್ ಮೆಷಿನ್ನಿಗೆ ನೀರು ಹಾಕಕ್ಕಾಗ್ತದೇನಣ್ಣ? ಒದ್ದೆ ಶೀಟಿಗೆ ಬ್ಲೇಡ್ ಹಿಡ್ಕತದೆ, ಒಣಗಿಸ್ಕ ಅಂತ ಬೈದು ಕಲಿಸಿದ್ದು ನೀನೇ ಅಲ್ವಾ?"

ಅಣ್ಣ ನಡೆಯುವುದನ್ನು ನಿಲ್ಲಿಸಿ ಜಗಲಿಗೆ ಹೋಗಿ ಕೂತರು.

ತಮ್ಮ ನನ್ನನ್ನು ಕಾರಿನವರೆಗೆ ಬಿಡಲು ಬಂದ. ನಾನು ತಂದಿದ್ದ ಮಾಸ್ಕಿನ ಪೊಟ್ಟಣ ಕೊಟ್ಟೆ, ಹೇಗೆ ಹಾಕಬೇಕೆಂದು ತೋರಿಸಿದೆ. ಶೀಟನ್ನು ಒಡೆಯದೆ ಇಳಿಸಿ, ಕತ್ತರಿಸುವ ಕೆಲಸವನ್ನೇ ಬಿಟ್ಟುಬಿಡಿ, ಬರೀ ತಗಡು ಹಾಕಿ ಎಂದೆ. "ಆಗ್ಲಿ ಮೇಡಂ, ನೋಡ್ತೀನಿ," ಎಂದ. ನಾನು ಆಸ್ಪತ್ರೆಯಲ್ಲಿ ಕೇಳಿ ಬೇಸತ್ತ 'ನೋಡೋಣ' ಅದು. ಮಾಸ್ಕನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಕಾರಿನ ಬಾಗಿಲು ತೆಗೆದಾಗ ದನಿ ತಗ್ಗಿಸಿ ಕೇಳಿದ.

"ಅಣ್ಣಂಗೆ ಹಿಡಿದ್ರಲ್ಲ ಆ ಬೆಳಕು, ನಂಗೂ ಒಂದ್ಸಲ ಹಿಡಿದು ಬಿಡ್ಬಹುದಾ ಮೇಡಂ? ಈಗ್ಲೇ? ಬರೋಕಿಂತ ಮೊದ್ಲೇ?"

ನಾನು ಅವನ ಎದೆಯ ಕಡೆ ನೋಡಿದೆ. ಗುಂಡಿ ಹಾಕದ ಅಂಗಿ, ಒಳಗೆ ಬನಿಯನ್ನು, ಗಟ್ಟಿಮುಟ್ಟಾದ ಆಳು. ಅಲ್ಲಿ ಯಾವ ಎಳೆ ಇಳಿಸಿದರೂ ಈಗ ಏನೂ ತಿಳಿಯುವುದಿಲ್ಲ.

"ಆಗಲ್ಲ," ಅಂದೆ. "ಕೂತ ಧೂಳನ್ನ ಆ ಬೆಳಕು ತೆಗೆಯಲ್ಲ. ಒಳಗೆ ರೋಗ ಬೆಳೆದಿದ್ರೆ ಮಾತ್ರ ಅದು ಕೆಲಸ ಮಾಡೋದು."

ಅವನು ತಲೆಯಾಡಿಸಿದ. ಮಾಸ್ಕನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಹಂಗಾದ್ರೆ ಬೆಳೆಯೋ ತಂಕ ಕಾಯ್ಬೇಕು ಅನ್ನಿ," ಎಂದ, ಮತ್ತೆ ಬೈಕಿನ ಹತ್ತಿರ ಹೋಗಿ ಮೆಷಿನ್ನಿನ ಹಗ್ಗ ಬಿಗಿಯತೊಡಗಿದ.